ಹಳೇ ಮಾನಿಟರ್‌ನಾಗ ಕೂಸಿನ ಹಾರ್ಟ್ ಸ್ಕ್ರೀನಿಂಗ್: ನನ್ನ ಅನುಭವ

ಹುಟ್ಟಿದ ಕೂಸಿನ ಕೈಕಾಲಿಗೆ ಪ್ರೋಬ್ (ಮಾನಿಟರ್‌ಗೆ ಕೂಡಿಸೂ ಸೆನ್ಸರ್) ಸುತ್ತಿ, ರಕ್ತದಾಗ ಆಕ್ಸಿಜನ್ ಎಷ್ಟೈತಿ ನೋಡಿ ಹಾರ್ಟಿನ ಹುಟ್ಟು ದೋಷ ಹುಡಕೂದಕ್ಕ ಪಲ್ಸ್ ಆಕ್ಸಿಮೆಟ್ರಿ ಸ್ಕ್ರೀನಿಂಗ್ ಅಂತಾರ. ಜಮಖಂಡಿ ಕಡೆ ಸಣ್ಣ ನರ್ಸಿಂಗ್ ಹೋಮ್‌ನಾಗ ಇದೆಲ್ಲಾ ಆಗೂ ಮಾತಲ್ಲ ಅಂದೋರು ಈಗ ಪ್ರೋಬ್ ಎಲ್ಲಿ ತಗೊಂಡ್ರಿ ಅಂತ ಫೋನ್ ಹಚ್ಚಾಕತ್ತಾರ, ಅದಕ್ಕ ಬರ್ಯಾಕತ್ತೀನಿ. ಲೆಕ್ಕ ಇಷ್ಟ: ಬಲಗೈ ಮತ್ತ ಒಂದು ಕಾಲಿನಾಗ ಆಕ್ಸಿಜನ್ ನೋಡೂದು, 95%ಕ್ಕಿಂತ ಕಡಿಮಿ ಬಂದ್ರ, ಇಲ್ಲಾ ಕೈಗೂ ಕಾಲಿಗೂ 3ಕ್ಕಿಂತ ಜಾಸ್ತಿ ಫರಕ್ ಬಂದ್ರ ಮತ್ತ ನೋಡೂದು. ಅಮೆರಿಕಾದಾಗ 2011ರಾಗನ ಹುಟ್ಟಿದ ಕೂಸುಗಳಿಗೆ ಮಾಡೂ ಪರೀಕ್ಷೆಗಳ ಶಿಫಾರಸು ಪಟ್ಟಿಗೆ ಇದು ಸೇರೇತಿ, ನಮ್ಮ ಕಡೆ ಇನ್ನೂ 'ಸ್ಟೆತೊ ಹಚ್ಚಿ ನೋಡೀವಲ್ಲ, ಸಾಕು ಬಿಡ್ರಿ'.

ರೊಕ್ಕದ್ದು ಹೇಳ್ತೀನಿ. ಕೋವಿಡ್ ಟೈಮಿನ ಬೆರಳಿನ ಕ್ಲಿಪ್ ಕೂಸಿಗೆ ಹಚ್ಚಿದ್ರ ಒಮ್ಮೆ 70, ಒಮ್ಮೆ 99, ನಂಬೂ ಹಂಗಿಲ್ಲ. ಆಮ್ಯಾಲೆ ಆನ್‌ಲೈನ್‌ನಾಗ ಎಂಟ್ನೂರೋ ಒಂಬೈನೂರೋ ಕೊಟ್ಟು ಅಗ್ಗದ ಪ್ರೋಬ್ ತರ್ಸಿದ್ವಿ, ಅದರ ಪಿನ್ ನಮ್ಮ ಮಾನಿಟರ್‌ಗೆ ಕೂಡಲೇ ಇಲ್ಲ, ವಾಪಸ್ಸೂ ತಗೊಳ್ಳಲಿಲ್ಲ. ಕಡೀಕ ಸುತ್ತು ಪ್ರೋಬ್, ಒರೆಸಿ ಮತ್ತ ಬಳಸೂದು, ಎರಡೂವರೆ ಸಾವಿರದ ಆಸುಪಾಸು. ಡಾಕ್ಟ್ರು ಬಿಲ್ ನೋಡಿ ಮಾರಿ ತಿರುವಿದ್ರು, ಆದ್ರ ಕೂಸಿಗೊಂದರಂಗ ಲೆಕ್ಕ ಹಾಕಿದ್ರ ಒಂದು ಚಾಕ್ಕಿಂತ ಕಡಿಮಿ.

ಪ್ರೋಬ್ ಬಂತಂದ್ರ ಮುಗೀತು ಅಂತಲ್ಲ. ಥಂಡಿ ದಿನದಾಗ ಪಾದ ತಣ್ಣಗಿದ್ರ ಮಾನಿಟರಿನಾಗ ನಾಡಿಯ ಅಲೆ ಬರೂದೇ ಇಲ್ಲ, ಮೊದಲ ಬೆಚ್ಚಗ ಮಾಡ್ರಿ. ಕಾಮಾಲಿ ಕೂಸಿಗೆ ಹಚ್ಚೂ ಫೋಟೋಥೆರಪಿ ಲೈಟ್ ಬಂದ್ ಮಾಡ್ರಿ, ಇಲ್ಲಾ ಪ್ರೋಬ್ ಮ್ಯಾಲೆ ದಪ್ಪ ಅರಬಿ ಹೊಚ್ಚಿರಿ. ಒದ್ದಾಡೂ ಕೂಸಿನ ಕಾಲು ಸುಮ್ಮ ನಿಲ್ಲಿಸೂ ಉಪಾಯ ನಮ್ಮ ಆಯಾ ಕಂಡುಹಿಡದಾಳ, ಅದನ್ನಿಲ್ಲಿ ಬರ್ಯಾಂಗಿಲ್ಲ, ಬಂದು ನೋಡ್ರಿ. ಬಾಣಂತಿ ಲಗೂನ ಮನಿಗೆ ಹೊಂಟ್ಲು ಅಂತ ಹುಟ್ಟಿದ 12 ತಾಸಿಗೇ ಸ್ವಲ್ಪ ದಿನ ಮಾಡಿ ನೋಡಿದ್ವಿ, ರಿಪೀಟ್ ಮ್ಯಾಲೆ ರಿಪೀಟ್, ಮತ್ತ 24 ತಾಸಿಗೇ ಬಂದ್ವಿ.

ಖರೇ ಗೆದ್ದದ್ದು ಒಂದು ಕೂಸಿಂದ. ಮೂರು ಕೆಜಿ ಹತ್ರ, ಗುಂಡಗ, ಮರ್ಮರ್ (ಹಾರ್ಟಿನಾಗ ಕೇಳೂ ಬ್ಯಾರೆ ಸಪ್ಪಳ) ಇಲ್ಲ. ಕೈ 92, ಕಾಲು 91. ತಾಸು ಬಿಟ್ಟು ನೋಡಿದ್ರೂ ಅಷ್ಟೇ, ಮೂರನೇ ಸಲಾನೂ ಅಷ್ಟೇ. ಅವರಜ್ಜಿ 'ಅಕ್ಕಾರ, ನಿಮ್ಮ ಮಿಷಿನ್ನ ಕೆಟ್ಟೈತಿ, ನಮ್ಮ ಕೂಸು ಕೆಂಪಗ ಐತಿ ನೋಡ್ರಿ' ಅಂತ ಜಗಳಕ್ಕ ನಿಂತ್ಲು. ಪ್ರೋಬ್ ನನ್ನ ಬೆರಳಿಗೆ ಸುತ್ತಿ 98 ತೋರ್ಸಿದೆ, ಗಪ್ ಆದ್ಲು. ಬೆಳಗಾವಿಗೆ ಕಳಿಸಿ ಎಕೋ (ಹಾರ್ಟಿನ ಸ್ಕ್ಯಾನ್) ಮಾಡ್ಸಿದ್ರ ಟಿಎಪಿವಿಸಿ, ಅಂದ್ರ ಶ್ವಾಸಕೋಶದಿಂದ ರಕ್ತ ತರೂ ನಾಳ ಹಾರ್ಟಿನ ತಪ್ಪು ಬದಿಗೆ ಕೂಡೂ ದೋಷ. ಡಕ್ಟ್ (ಹುಟ್ಟಿದ ಮ್ಯಾಲೆ ಮುಚ್ಚೂ ಹಾರ್ಟಿನ ಹತ್ರದ ನಾಳ) ಮ್ಯಾಲೆ ಜೀವ ನಿಂತ ಕೇಸಲ್ಲ, ಅದನ್ನ ತೆರೆದಿಡೂ ಔಷಧ ಪ್ರೋಸ್ಟಾಗ್ಲಾಂಡಿನ್ ಹುಡಕೂ ಪಾಳಿ ಬರ್ಲಿಲ್ಲ. ಆಪರೇಷನ್ ಆತು, ಈಗ ಗೋಡಿ ಹಿಡ್ಕೊಂಡು ಓಡಾಡ್ತೈತಿ. ಎರಡನೇ ಪ್ರೋಬಿಗೆ ಡಾಕ್ಟ್ರು ರೇಟ್ ಕೇಳಲಿಲ್ಲ.

ಫೇಲ್ ಆದದ್ದೆಲ್ಲಾ ಹಾರ್ಟ್ ಅಲ್ಲ, ನಮ್ಮಲ್ಲಿ ಹೆಚ್ಚಿನವು ನ್ಯುಮೋನಿಯಾ, ಸೆಪ್ಸಿಸ್ (ಮೈತುಂಬ ಹಬ್ಬೂ ಸೋಂಕು) ಅಂತ ಹೊಂಟ್ವು, ಅವೂ ಲಗೂ ಸಿಕ್ವಲ್ಲ. ಕೊಆರ್ಕ್ಟೇಶನ್ (ಹಾರ್ಟಿನಿಂದ ಹೊಂಡೂ ದೊಡ್ಡ ರಕ್ತನಾಳ ಇಕ್ಕಟ್ಟಾಗೂದು) ಮಾತ್ರ ಇದರಾಗೂ ತಪ್ಪಿಸ್ಕೊಳ್ತೈತಿ, ತೊಡಿ ಸಂದಿನ ನಾಡಿ ಹಿಡಿದು ನೋಡೂದು ಬಿಡಬ್ಯಾಡ್ರಿ.