ಕಿರ್ದಿ ಪುಸ್ತಕದಲ್ಲಿ ಸಿಕ್ಕ ನನ್ನ ಮೌಲ್ಯಗಳು

"ಲೆಕ್ಕದ ಪುಸ್ತಕದಲ್ಲಿ ಮೌಲ್ಯ ಹುಡುಕ್ತೀಯಾ? ಅಲ್ಲಿ ಸಿಗೋದು ಬಾಕಿ ಮಾತ್ರ." ನನಗೆ ನಿಜವಾಗಿ ಮುಖ್ಯವಾದದ್ದು ಏನು, ಅಂದರೆ ನನ್ನ ಮೌಲ್ಯ ಯಾವುದು ಅಂತ ಹಳೇ ಲೆಕ್ಕದಲ್ಲಿ ಹುಡುಕಲು ಶುರು ಮಾಡಿದಾಗ ನಮ್ಮ ಗೆಳೆಯರ ಬಳಗದಲ್ಲಿ ಹೀಗೆ ಅನ್ನದವರೇ ಇರಲಿಲ್ಲ. ಈಗ ಅವರಲ್ಲೇ ನಾಲ್ವರು ತಮ್ಮ ಹಳೇ ಕಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ, ಹಿಡಿದುಕೊಂಡು ನನ್ನ ಅಂಗಡಿಗೆ ಬಂದು, ಕೂತು, ಕೆಲಸ ಮುಗಿಸಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನಲ್ಲಿ ನನ್ನದು ಪೈಪು, ಮೋಟಾರು, ವೈರಿನ ಅಂಗಡಿ. ಹದಿನಾರು ವರ್ಷ ಆಯಿತು.

ತಮ್ಮ ಮೌಲ್ಯ ಯಾವುದು ಅಂತ ತಿಳಿಯಲು ಜನ ಸಾಮಾನ್ಯವಾಗಿ ಪಟ್ಟಿ, ಕಾರ್ಡು, ಡೈರಿ ಹಿಡಿಯುತ್ತಾರೆ. ನಾನೂ ಒಂದನ್ನೂ ಬಿಡಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರೋಕೀಚ್ ಅವರ, ಮುಖ್ಯವಾದದ್ದು ಮೊದಲು ಬರುವಂತೆ ಜೋಡಿಸಬೇಕಾದ 18 ಪದಗಳ ಎರಡೂ ಪಟ್ಟಿ ಮಾಡಿದೆ. ಒಂದೊಂದರಲ್ಲಿ ಒಂದೊಂದು ಮೌಲ್ಯ ಬರೆದಿರುವ, ನಮ್ಮವನ್ನು ಆರಿಸಿ ಎತ್ತಿಕೊಳ್ಳುವ 83 ಕಾರ್ಡುಗಳ ಕಟ್ಟನ್ನು ಕನ್ನಡಕ್ಕೆ ಇಳಿಸಿ ಪ್ರಿಂಟ್ ಹಾಕಿಸಿದೆ. ಲ್ಯಾಮಿನೇಶನ್ ಸೇರಿ 900 ರೂಪಾಯಿ ಆಸುಪಾಸು. ಬೆಂಗಳೂರಿನಲ್ಲಿ ಇದರದ್ದೇ ಎರಡು ದಿನದ ಶಿಬಿರಕ್ಕೂ ಹೋದೆ. ಶುಲ್ಕ 6,500. ರೈಲು, ರೂಮು, ಊಟ, ಅಂಗಡಿ ಮುಚ್ಚಿದ ನಷ್ಟ ಎಲ್ಲ ಹಿಡಿದರೆ 14 ಸಾವಿರದ ಹತ್ತಿರ. ಇಷ್ಟಾದ ಮೇಲೆ ಕೈಯಲ್ಲಿ ಉಳಿದದ್ದು ಐದು ಪದ: ಕುಟುಂಬ, ಪ್ರಾಮಾಣಿಕತೆ, ಸ್ವಾತಂತ್ರ್ಯ, ಆರೋಗ್ಯ, ಸೇವೆ. ಪಕ್ಕದಲ್ಲಿ ಕೂತವರ ಹಾಳೆ ನೋಡಿದೆ. ಅದರಲ್ಲೂ ನಾಲ್ಕು ಇವೇ.

ಕಾರ್ಡು ಎತ್ತಲು ದುಡ್ಡು ಬೀಳುವುದಿಲ್ಲ, ಅಲ್ವಾ? ಯಾವುದನ್ನು ಎತ್ತಿಕೊಂಡರೂ ನಷ್ಟವಿಲ್ಲ. ಆಗ ಕೈ ಚೆಂದದ ಪದದ ಮೇಲೇ ಹೋಗುತ್ತದೆ.

ನಡುವೆ ಬೆಂಜಮಿನ್ ಫ್ರಾಂಕ್ಲಿನ್ ದಾರಿಯನ್ನೂ ಹಿಡಿದೆ. ಆತ 13 ಗುಣಗಳನ್ನು ಬರೆದಿಟ್ಟುಕೊಂಡು, ವಾರಕ್ಕೆ ಒಂದರ ಮೇಲೆ ಕಣ್ಣಿಟ್ಟು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ ಹಾಕಿಕೊಳ್ಳುತ್ತಿದ್ದ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ನಾನು ಒಂದು ಸುತ್ತು ಪೂರಾ ಮಾಡಿದೆ. ಮಾತು ಕಡಿಮೆಯಾಯಿತು, ಅದು ಲಾಭ. ಆದರೆ ಆ 13 ಆತನವು. ನನ್ನವು ಯಾವುವು ಅನ್ನುವುದು ಹಾಗೇ ಉಳಿಯಿತು.

2024ರ ದೀಪಾವಳಿಗೆ ಹೊಸ ಪುಸ್ತಕ ಪೂಜೆಗಿಡಲು ಅಟ್ಟದಿಂದ ಹಳೆಯವನ್ನು ಇಳಿಸಿದೆ. ಮೂರು ವರ್ಷದ ಕಿರ್ದಿ, ಜೊತೆಗೆ ಉದ್ರಿ ಪುಸ್ತಕ. ಸುಮ್ನೆ ತಿರುವುತ್ತಾ ಕೂತವನಿಗೆ ರಾತ್ರಿ ಒಂದಾದದ್ದು ಗೊತ್ತಾಗಲಿಲ್ಲ.

ಮೊದಲ ಸಲ ಪೂರ್ತಿ ತಪ್ಪು ಮಾಡಿದೆ. ಬಾಬ್ತುವಾರು ಒಟ್ಟು ಹಾಕಿದೆ. ಎಲ್ಲಕ್ಕಿಂತ ಜಾಸ್ತಿ ಬಂದದ್ದು ಮನೆ ಸಾಲದ ಕಂತು. ಹಾಗಂತ ಮನೆಯೇ ನನ್ನ ಮೌಲ್ಯವಾ? ಎರಡನೇ ಸಲ ಕಂತು, ಫೀಸು, ಕರೆಂಟ್ ಬಿಲ್ಲು ಎಲ್ಲ ಬಿಟ್ಟೆ. ಆಗ ಮುಯ್ಯಿ ಮೇಲೆ ಬಂತು, ವರ್ಷಕ್ಕೆ 35-40 ಸಾವಿರ. ಸಂಬಂಧ ಅಂದರೆ ನನಗೆ ಇಷ್ಟು ಮುಖ್ಯ ಅಂತ ಖುಷಿಯಾಯಿತು. ಆಮೇಲೆ ಒಂದೊಂದು ಮದುವೆಯನ್ನೂ ನೆನೆಸಿಕೊಂಡೆ. ಕೂತು ಊಟ ಮಾಡಿ ಬಂದೆನಾ, ಕವರ್ ಕೊಟ್ಟು ಓಡಿ ಬಂದೆನಾ? ಮುಕ್ಕಾಲು ಪಾಲು ಓಡಿ ಬಂದದ್ದೇ. ಅದು ಸಂಬಂಧವಲ್ಲ, ಜನ ಏನಂದಾರು ಅನ್ನುವ ಭಯ.

ಮೂರನೇ ಸಲ ದಾರಿ ಸಿಕ್ಕಿತು. ಎರಡೇ ಬಗೆಯ ಸಾಲು ಹುಡುಕಿದೆ. ಒಂದು, ಕೊಡುವಾಗ ಹೊಟ್ಟೆ ಚುರ್ ಅಂದರೂ ನಾಳೆ ಮತ್ತೆ ಕೊಡುವಂಥದ್ದು. ಇನ್ನೊಂದು, ಬರುತ್ತಿದ್ದ ದುಡ್ಡನ್ನು ಬೇಡ ಅಂದದ್ದು. ಎರಡನೆಯದು ಪುಸ್ತಕದಲ್ಲಿ ಇರುವುದಿಲ್ಲ, ಆದರೆ ಪುಟ ತಿರುವಿದರೆ ನೆನಪಿಗೆ ಬರುತ್ತದೆ.

2023ರ ಬರದಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಆದ ವರ್ಷ, ಮೆಕ್ಕೆಜೋಳ ಕೈಕೊಟ್ಟ ರೈತರಿಗೆ ಸುಮಾರು 1.8 ಲಕ್ಷದ ಸಾಮಾನು ಉದ್ರಿ ಕೊಟ್ಟಿದ್ದೆ. ದೊಡ್ಡ ಮನಸ್ಸು ಅಂತ ಬರೆದುಕೊಳ್ಳಲು ಹೊರಟೆ. ಹೆಸರುಗಳನ್ನು ನೋಡಿದರೆ ಕಂಡದ್ದೇ ಬೇರೆ. ಕೇಳಿದ ಎಲ್ಲರಿಗೂ ಕೊಟ್ಟಿರಲಿಲ್ಲ. ಹಿಂದೆ ತಡವಾದಾಗ ತಾನಾಗಿ ಬಂದು "ಈ ಸಲ ಆಗಲ್ಲ ಅಣ್ಣಾ" ಅಂದವರಿಗೆ ಮಾತ್ರ ಕೊಟ್ಟಿದ್ದೆ. ನನಗೆ ಬೇಕಿದ್ದದ್ದು ಮುಖ ತಪ್ಪಿಸದ ಜನ. ಅದರಲ್ಲಿ 1.3 ಲಕ್ಷದಷ್ಟು ವಾಪಸ್ ಬಂದಿದೆ. ಉಳಿದದ್ದರ ಚಿಂತೆ ನನಗಿಲ್ಲ.

ಬೇಡ ಅಂದದ್ದರಲ್ಲಿ ದೊಡ್ಡದು ಒಂದು ವೈರಿನ ವ್ಯವಹಾರ. ಮೇಲೆ ಬರೆದದ್ದಕ್ಕಿಂತ ಒಳಗೆ ತಾಮ್ರ ಕಡಿಮೆ. ಆ ಒಂದು ಸೀಸನ್‌ನಲ್ಲೇ 40 ಸಾವಿರ ಲಾಭ ಬಿಟ್ಟೆ. 'ಪ್ರಾಮಾಣಿಕತೆ' ಕಾರ್ಡು ಎತ್ತಿದಾಗ ಮೈಯಲ್ಲಿ ಏನೂ ಆಗಿರಲಿಲ್ಲ. ಇದು ನೆನಪಾದಾಗ ಬೆನ್ನು ನೆಟ್ಟಗಾಯಿತು. ಕಾರ್ಡಿನ ಪದ ಹೊಡೆದುಹಾಕಿ 'ನಾನು ಮಾರಿದ ಸಾಮಾನು ಬೆಂಕಿ ಹಚ್ಚಬಾರದು' ಅಂತ ಬರೆದೆ.

ಉಳಿದ ಸಾಲುಗಳನ್ನು ಗುಂಪು ಮಾಡುವ ಒಂದು ಬಗೆ ಇದೆ, ಮನೆಯವರಿಗೆ ಕೇಳುವ ಒಂದು ಪ್ರಶ್ನೆಯೂ ಇದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಓದಿಕೊಂಡರೆ ಉತ್ತರ ಸುಳ್ಳಾಗುತ್ತದೆ. ಪುಸ್ತಕ ತಂದವರಿಗೆ ಎದುರಿಗೇ ಹೇಳುತ್ತೇನೆ.

ಫೋನಿನ ಕರೆಗಳ ಪಟ್ಟಿಯಲ್ಲೂ ಹೀಗೇ ಹುಡುಕಿ ನೋಡಿದೆ, ಯಾರಿಗೆ ಬೇಗ ವಾಪಸ್ ಫೋನ್ ಮಾಡುತ್ತೇನೆ ಅಂತ. ವ್ಯಾಪಾರದ ಕರೆಗಳೇ ತುಂಬಿದ್ದವು, ಎರಡೇ ವಾರಕ್ಕೆ ಬಿಟ್ಟೆ. ಸಿಟ್ಟು ಬಂದದ್ದನ್ನು 40 ದಿನ ಬರೆದಿಟ್ಟದ್ದು ಮಾತ್ರ ಉಪಯೋಗಕ್ಕೆ ಬಂತು. ಹೇಳಿದ ಹೊತ್ತಿಗೆ ಬಾರದವರ ಮೇಲೇ ಅರ್ಧಕ್ಕಿಂತ ಜಾಸ್ತಿ ಸಿಟ್ಟು.

ಕೊನೆಗೆ ನಿಂತವು ಮೂರು: ಮುಖ ತಪ್ಪಿಸದಿರುವುದು, ಹೇಳಿದ ಹೊತ್ತು, ಸಾಮಾನಿನ ಗಟ್ಟಿತನ. ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಎಲ್ಲಾ ಖರೇನ ಐತ್ರಿ. ಆದ್ರ ಭಾನುವಾರ ಮನ್ಯಾಗ ಉಂಡಿದ್ದು ಯಾವ ಪುಸ್ತಕದಾಗ ಐತ್ರಿ?"

ತಿರುವಿ ನೋಡಿದೆ. ವರ್ಷದ 52 ಭಾನುವಾರಗಳಲ್ಲಿ 48ರಷ್ಟು ದಿನ ಜಮಾ ಬದಿಯಲ್ಲಿ ವ್ಯಾಪಾರ ಬರೆದಿತ್ತು. ಎಲ್ಲ ಪಟ್ಟಿಯಲ್ಲೂ ನಾನು ಮೊದಲು ಬರೆದ ಪದ ಕುಟುಂಬ. ಆ ರಾತ್ರಿ ನಿದ್ದೆ ಬರಲಿಲ್ಲ. ಆ ಪದವನ್ನು ಹೊಡೆದುಹಾಕಲೂ ಮನಸ್ಸಾಗಲಿಲ್ಲ.

ಯುಗಾದಿಯಿಂದ ಭಾನುವಾರ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತಿದ್ದೇನೆ. ನಾಲ್ಕೈದು ಸಾವಿರದ ವ್ಯಾಪಾರ ಹೋಗುತ್ತದೆ, ಲಾಭದಲ್ಲಿ 700 ಇರಬಹುದು. ಪ್ರತಿ ವಾರ ಖರ್ಚಿನ ಬದಿಗೆ 'ಮನೆ ಊಟ, 700' ಅಂತ ಬರೆಯುತ್ತೇನೆ. ಇಲ್ಲಿಯವರೆಗೆ 29 ಸಾಲು ಆಗಿವೆ. ಎರಡು ವಾರ ತಪ್ಪಿದೆ, ಎರಡೂ ಮುಂಗಾರು ಬಿತ್ತನೆ ಹೊತ್ತಿನಲ್ಲಿ.