ಹಲ್ಲು ಹೇಳಿದ ಸಂಗತಿ

ಬಾಗಲಕೋಟೆಯ ನವನಗರದ ದಂತವೈದ್ಯರು ಬಾಯಿಗೆ ದೀಪ ಹಿಡಿದು, “ಟೀಚರ್, ರಾತ್ರಿ ಹಲ್ಲು ಕಡಿಯುತ್ತೀರಾ? ದವಡೆ ಹಲ್ಲೆಲ್ಲ ಸವೆದು ಸಪಾಟಾಗಿವೆ” ಎಂದರು. ಆಗ ನನಗೆ 39. ಗೊತ್ತಿಲ್ಲ ಎಂದೆ. ಅವ್ವನಿಗೆ ಗೊತ್ತಿತ್ತು. ವರ್ಷಗಳಿಂದ ಕೇಳಿಸಿಕೊಳ್ಳುತ್ತಿದ್ದಳಂತೆ, ಹೊಟ್ಟೆಯಲ್ಲಿ ಜಂತು ಇರಬೇಕೆಂದು ಸುಮ್ಮನಿದ್ದಳು.

ಅದಕ್ಕೂ ಮೊದಲು ಎದೆಯುರಿಗೆ ಒಬ್ಬ ವೈದ್ಯರು, ತಲೆನೋವಿಗೆ ಇನ್ನೊಬ್ಬರು, ಬಿಪಿಗೆ ಮತ್ತೊಬ್ಬರು. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಗಂಡನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಿಜಯಪುರದ ಆ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತಲ್ಲ. ನಮ್ಮ ಕಡೆ ‘ಗಂಡ ಬಿಟ್ಟವಳು’ ಎನ್ನುತ್ತಾರೆ. ಯಾರು ಯಾರನ್ನು ಬಿಟ್ಟರು ಎಂಬುದನ್ನು ಆ ಮಾತು ಜಾಣತನದಿಂದ ನುಂಗಿಬಿಡುತ್ತದೆ. ಬಿಟ್ಟವಳು ನಾನೇ.

ರಾತ್ರಿ ಹಾಕಿಕೊಳ್ಳಲು ದಂತವೈದ್ಯರು ಒಂದು ಗಾರ್ಡ್ ಮಾಡಿಸಿಕೊಟ್ಟರು. ಅದು ಹಲ್ಲನ್ನು ಉಳಿಸುತ್ತದೆಯೇ ಹೊರತು ಕಡಿಯುವುದನ್ನು ಬಿಡಿಸುವುದಿಲ್ಲ ಎಂದೂ ಹೇಳಿದರು. ನಾನು ಗಣಿತದ ಶಿಕ್ಷಕಿ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ವಾರ ಬರೆದೆ: ಎಷ್ಟು ಹೊತ್ತಿಗೆ, ಎಲ್ಲಿ ನೋವು, ಅದಕ್ಕೆ ಮುಂಚೆ ಏನಾಯಿತು. ಎದೆಯುರಿ, ದವಡೆಯ ಬಿಗಿತ, ಅಂಗೈ ಬೆವರು, ಎಲ್ಲವೂ ರಾತ್ರಿ ಒಂಬತ್ತರ ಆಸುಪಾಸಿನಲ್ಲೇ ಬಂದು ಕೂತಿದ್ದವು. ಒಂಬತ್ತಕ್ಕೆ ಎದುರು ಮನೆಯವರು ಬೈಕ್ ತಂದು ನಿಲ್ಲಿಸುತ್ತಾರೆ. ವಿಜಯಪುರದಲ್ಲಿ ಅದೇ ಹೊತ್ತಿಗೆ, ಫರಸಿಯ ಮೇಲೆ ಸ್ಟ್ಯಾಂಡ್ ಬಡಿಯುವ ಸದ್ದಿನಿಂದಲೇ ಆ ರಾತ್ರಿ ಹೇಗಿರುತ್ತದೆಂದು ಅಂದಾಜು ಮಾಡುತ್ತಿದ್ದೆ.

ನೋಟ್‌ಬುಕ್ ಹಿಡಿದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆ. ಅಲ್ಲಿನ ವೈದ್ಯೆ ಪುಟ ತಿರುವುತ್ತಲೇ ವಿವರಿಸಿದರು. ಅಪಾಯವೆನಿಸಿದರೆ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಬೇಕು. ವರ್ಷಗಟ್ಟಲೆ ದಿನವೂ ನಡೆದರೆ ನಿದ್ದೆ, ಹೊಟ್ಟೆ, ಹೃದಯ ಮೂರೂ ಸವೆಯುತ್ತವೆ. ಡೈವೋರ್ಸ್ ತಾರೀಖು ಕಾಗದಕ್ಕೆ ಗೊತ್ತು, ಮೈಗೆ ಗೊತ್ತಿಲ್ಲ. ಆದರೆ ಬಿಪಿಯನ್ನೂ ಆತನ ಲೆಕ್ಕಕ್ಕೇ ಹಾಕಬೇಡಿ, ನಿಮ್ಮ ಅವ್ವನಿಗೂ ಇದೆಯಲ್ಲ ಎಂದು ನಕ್ಕರು.

ಮಾತ್ರೆಗಳ ಜೊತೆಗೆ ಒಂದು ಅಭ್ಯಾಸ ಕೊಟ್ಟರು. ತಮ್ಮನ ಮಗ ಸಂಜೆ ಹೇಳಿ ಹೋಗಿ ಅಂಗಳದಲ್ಲಿ ಬೈಕ್ ನಿಲ್ಲಿಸಬೇಕು. ನಾನು ಉಸಿರನ್ನು ಉದ್ದಕ್ಕೆ ಬಿಡುತ್ತಾ ಕೂತು, ಭಯಕ್ಕೆ ಹತ್ತರಲ್ಲಿ ಅಂಕ ಕೊಡಬೇಕು. ಮೊದಲ ದಿನ ಒಂಬತ್ತು. ಎರಡನೆಯ ವಾರ ಆರು. ಒಂದು ದಿನ ಹುಡುಗ ಹೇಳದೆಯೇ ಬಂದು ಸ್ಟ್ಯಾಂಡ್ ಹಾಕಿದ; ಕೈಯಲ್ಲಿದ್ದ ರೊಟ್ಟಿಯ ಹಿಟ್ಟು ನೆಲಕ್ಕೆ ಬಿತ್ತು. “ಅತ್ತೆ, ಇವತ್ತು ಹತ್ತೇನು?” ಎಂದ. ಬೈದೆ. ಆಮೇಲೆ ಇಬ್ಬರೂ ನಕ್ಕೆವು. ಮರುದಿನ ಮತ್ತೆ ಮೊದಲಿನಿಂದ. ನಾಲ್ಕು ತಿಂಗಳಿಗೆ ಎರಡಕ್ಕೆ ಇಳಿಯಿತು.

ಎದೆಯುರಿ ಹೋಗಿದೆ. ಬಿಪಿ ಮಾತ್ರೆ ಬಿಟ್ಟಿಲ್ಲ. ನಿದ್ದೆ ಬಾರದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುತ್ತೇನೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಭಯ ಹುಟ್ಟಿಸುವ, ಒಂದೊಂದಾಗಿ ಎದುರಿಸಬೇಕಾದ ಸಂಗತಿಗಳೆಂದು ವೈದ್ಯೆ ಬರೆಸಿದ ಪಟ್ಟಿಯ ಕೊನೆಯಲ್ಲಿ ವಿಜಯಪುರದ ಬಸ್ ನಿಲ್ದಾಣವಿದೆ. ಅಲ್ಲಿಗೆ ಇನ್ನೂ ಹೋಗಿಲ್ಲ. ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಹೋಗೋಣವೆಂದು ಅವ್ವನಿಗೆ ಹೇಳಿದ್ದೇನೆ. ಅವಳು ಈಗಲೇ ಬುತ್ತಿಯ ಮಾತು ಶುರು ಮಾಡಿದ್ದಾಳೆ.