ಮಾಂಸ ತಿನ್ನಲ್ವಾ? ಮೊದ್ಲು ಸಾರಿಗೆ ಹಾಕೋ ಬೇಳೆ ಅಳೀರಿ

ವೆಜ್ ಊಟ ಮಾಡೋರಿಗೆ ಪ್ರೋಟೀನ್ ಕಮ್ಮಿ ಆಗೋದು ಮಾಂಸ ತಿನ್ನಲ್ಲ ಅಂತಲ್ಲ, ತಟ್ಟೆ ತುಂಬ ಅನ್ನ ಹಾಕ್ಕೊಂಡು ಅದ್ರ ಮೇಲೆ ನೀರು ನೀರಾಗಿರೋ ಸಾರು ಸುರ್ಕೊಳ್ತೀವಲ್ಲ, ಅದಕ್ಕೆ. ನಾಲ್ಕು ಜನಕ್ಕೆ ಒಂದು ಹಿಡಿ ತೊಗರಿಬೇಳೆ ಹಾಕಿ ಸಾರು ಮಾಡಿದ್ರೆ ಒಬ್ಬೊಬ್ರಿಗೆ ಸಿಗೋ ಪ್ರೋಟೀನ್ ಎರಡು ಮೂರು ಗ್ರಾಂ ಅಷ್ಟೇ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದ ಪ್ರಕಾರ ಆರೋಗ್ಯವಾಗಿರೋ ದೊಡ್ಡೋರಿಗೆ ಮೈತೂಕದ ಒಂದು ಕೆಜಿಗೆ 0.83 ಗ್ರಾಂ ಬೇಕು, ಅಂದ್ರೆ 60 ಕೆಜಿ ಇದ್ರೆ ದಿನಕ್ಕೆ ಸುಮಾರು 50 ಗ್ರಾಂ. ಬಸುರಿ ಬಾಣಂತಿಯರಿಗೆ ಇನ್ನೂ ಜಾಸ್ತಿ.

ಹಾಗಾಗಿ ಬೇಯಿಸೋಕೆ ಮುಂಚೆ ಒಣಬೇಳೆ ಅಳೀರಿ, ಒಬ್ರಿಗೆ ಒಂದು ಹೊತ್ತಿಗೆ 30 ಗ್ರಾಂ, ಅಂದ್ರೆ ಎರಡು ದೊಡ್ಡ ಚಮಚದಷ್ಟು. ತೊಗರಿಬೇಳೆ, ಹೆಸರುಕಾಳು, ಹುರುಳಿಕಾಳು ಯಾವುದಾದ್ರೂ ಸರಿ, 100 ಗ್ರಾಂನಲ್ಲಿ 20ರಿಂದ 24 ಗ್ರಾಂ ಪ್ರೋಟೀನ್ ಇರುತ್ತೆ. ಬಸ್ಸಾರು ಮಾಡಿದಾಗ ಬರೀ ಕಟ್ಟು ಹಾಕ್ಕೊಂಡು ಎದ್ದುಬಿಡಬೇಡಿ, ಪ್ರೋಟೀನ್ ಇರೋದು ಪಲ್ಯಕ್ಕೆ ಹೋಗೋ ಕಾಳಲ್ಲಿ, ಅದನ್ನ ಚೆನ್ನಾಗಿ ತಿನ್ನಿ.

ನನ್ನ ಕೇಳಿದ್ರೆ ಬೇಳೆ ಹೊಟ್ಟೆಗೆ ಸೇರಿಸೋಕೆ ನುಚ್ಚಿನುಂಡೆಗಿಂತ ಒಳ್ಳೇ ದಾರಿ ಇಲ್ಲ. 200 ಗ್ರಾಂ ತೊಗರಿಬೇಳೆ ಎರಡು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹಸಿಮೆಣಸಿನಕಾಯಿ ಶುಂಠಿ ಜೊತೆ ನೀರು ಹಾಕ್ದೆ ತರಿತರಿಯಾಗಿ ರುಬ್ಬಿ (ನುಣ್ಣಗಾದ್ರೆ ಉಂಡೆ ಗಟ್ಟಿ ಆಗುತ್ತೆ), ಸಬ್ಬಸಿಗೆ ಸೊಪ್ಪು, ತೆಂಗಿನತುರಿ, ಇಂಗು, ಉಪ್ಪು ಕಲಸಿ ಉದ್ದುದ್ದ ಉಂಡೆ ಕಟ್ಟಿ ಇಡ್ಲಿ ಪಾತ್ರೇಲಿ ಕಾಲು ಗಂಟೆ ಬೇಯಿಸಿ. ನಾಲ್ಕು ಜನ ತಿಂದ್ರೂ ಒಬ್ರಿಗೆ 11 ಗ್ರಾಂ ಬರುತ್ತೆ, ಮಜ್ಜಿಗೆಹುಳಿ ಜೊತೆ ತಿಂದ್ರೆ ಇನ್ನೂ ಸ್ವಲ್ಪ ಸೇರುತ್ತೆ.

ಬೆಳಗ್ಗೆ ಉಪ್ಪಿಟ್ಟು, ಅವಲಕ್ಕಿ ಮಾಡೋ ದಿನ ಒಂದು ಹಿಡಿ ಶೇಂಗಾ ಧಾರಾಳವಾಗಿ ಹಾಕಿ, ವಾರಕ್ಕೆ ಎರಡು ಸಲ ಹೆಸರುಕಾಳು ದೋಸೆ ಮಾಡಿ. ಸಂಜೆ ಬಿಸ್ಕೆಟ್ ಬದ್ಲು ಹುರಿಗಡಲೆ ಇಲ್ಲಾ ಕಡಲೆಕಾಳು ಉಸಲಿ. ರೊಟ್ಟಿ ತಿನ್ನೋ ಕಡೆಯವ್ರಿಗೆ ಶೇಂಗಾ ಚಟ್ನಿಪುಡಿ, ಮೊಸರು, ಜುಣಕ ಹೇಗೂ ಇದ್ದೇ ಇರುತ್ತೆ, ಅದನ್ನ ನೆಂಚ್ಕೊಳ್ಳೋದಕ್ಕೆ ಅಂತ ಚೂರು ಹಾಕ್ಕೊಳ್ಳದೆ ಪಲ್ಯದಷ್ಟೇ ಹಾಕ್ಕೊಳ್ಳಿ. ಸೋಯಾ ಚಂಕ್ಸ್ ಅಂತೂ 30 ಗ್ರಾಂನಲ್ಲೇ 15 ಗ್ರಾಂ ಪ್ರೋಟೀನ್ ಕೊಡುತ್ತೆ, ಬಿಸಿನೀರಲ್ಲಿ ನೆನೆಸಿ ಎರಡು ಸಲ ಚೆನ್ನಾಗಿ ಹಿಂಡಿದ್ರೆ ಆ ವಾಸನೆ ಹೋಗುತ್ತೆ, ಆಮೇಲೆ ಸಾಗುಗೆ ಹಾಕಿ. ಅಣಬೆ ನಂಬ್ಕೋಬೇಡಿ, 100 ಗ್ರಾಂಗೆ ಮೂರು ಗ್ರಾಂ ಬಂದ್ರೆ ಹೆಚ್ಚು. ದುಬಾರಿ ಬಾದಾಮಿ ಹತ್ತು ತಿಂದ್ರೂ ಎರಡೂವರೆ ಗ್ರಾಂ ಆಗೋದು, ಅದೇ ದುಡ್ಡಿಗೆ ಶೇಂಗಾ ಎಷ್ಟೊಂದು ಬರುತ್ತೆ ನೋಡಿ.

ಬೇಳೆ ಪ್ರೋಟೀನ್ ಪೂರ್ತಿ ಅಲ್ಲ ಅಂತ ಹೆದರಿಸೋರಿದ್ದಾರೆ. ಪ್ರೋಟೀನ್ ಆಗೋದು ಅಮೈನೋ ಆಮ್ಲ ಅನ್ನೋ ಚಿಕ್ಕ ಚಿಕ್ಕ ತುಣುಕು ಸೇರಿ, ಲೈಸಿನ್, ಮೆಥಿಯೋನಿನ್ ಅಂಥವೇ ಎರಡು. ಅಕ್ಕಿ, ರಾಗಿ, ಗೋಧಿಲಿ ಲೈಸಿನ್ ಕಮ್ಮಿ, ಬೇಳೇಲಿ ಅದು ಚೆನ್ನಾಗಿದೆ. ಬೇಳೇಲಿ ಮೆಥಿಯೋನಿನ್ ಕಮ್ಮಿ, ಅದನ್ನ ಧಾನ್ಯ ತುಂಬುತ್ತೆ. ಒಂದೇ ತುತ್ತಲ್ಲಿ ಎರಡೂ ಇರ್ಬೇಕು ಅಂತೇನಿಲ್ಲ, ದಿನದಲ್ಲಿ ಎರಡೂ ತಿಂದ್ರೆ ಆಯ್ತು. ಹಾಲು ಮೊಸರೂ ಬಿಟ್ಟಿರೋರು ಬಿ12 ಮಾತ್ರೆ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ, ಅದು ಕಾಳಲ್ಲಿ ಸಿಗಲ್ಲ. ಕಿಡ್ನಿ ತೊಂದ್ರೆ ಇರೋರು ಪ್ರೋಟೀನ್ ಜಾಸ್ತಿ ಮಾಡೋಕೆ ಮುಂಚೆ ಡಾಕ್ಟರನ್ನ ಕೇಳ್ಲೇಬೇಕು.

ಕಾಳು ತಿಂದ್ರೆ ಗ್ಯಾಸ್ ಅನ್ನೋರು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬಂದ್ಮೇಲೆ ಬೇಯಿಸಿ ತಿನ್ನಿ, ಮೊದಲನೇ ವಾರ ಅರ್ಧ ಬಟ್ಟಲಿಂದ ಶುರು ಮಾಡಿ.